ಸೂಗಮ್ಮ ಆರಿಸಿದ ಫಟಫಟಿ

ದೇವಿಂದ್ರಪ್ಪ ಸ್ವಂತ ಗಾಡಿ ಇಲ್ಲದೆಯೇ ನಾಲ್ಕು ವರ್ಷ ಬಿ.ಎಸ್.ಎ. ಮೋಟಾರ್ ಸೈಕಲ್ಲಿನ ಕಡೆಯವನಾಗಿದ್ದ. ಕಮಲಾಪುರದ ಚಹದಂಗಡಿಯಲ್ಲಿ ಯಾರಾದರೂ ಬೇರೊಂದು ಫಟಫಟಿಯ ಹೆಸರು ಎತ್ತಿದರೆ ಸಾಕು, ಬಸಿಯಲ್ಲಿದ್ದ ಚಹ ಆರಿ ನೀರಾದರೂ ವಾದ ಮುಗಿಸದೆ ಏಳುತ್ತಿರಲಿಲ್ಲ. ಊರಿನಲ್ಲಿ ಆಗ ಒಂದೂ ಫಟಫಟಿ ಇರಲಿಲ್ಲ ಎನ್ನುವುದು ಅವನ ವಾದಕ್ಕೆ ಅಡ್ಡ ಬಂದದ್ದೇ ಇಲ್ಲ. ಬಾಳೆ ತೋಟಕ್ಕೆ ನೀರು ತಿರುಗಿಸುವಾಗಲೂ ಬಾಯಲ್ಲಿ ಡುಗ್ ಡುಗ್ ಎಂದು ಸದ್ದು ಮಾಡುತ್ತಿದ್ದ. ಅವನ ಹೆಂಡತಿ ಸೂಗಮ್ಮ ಅದನ್ನು ಕೇಳಿಯೇ ಗಂಡ ತೋಟದ ಯಾವ ಮೂಲೆಯಲ್ಲಿದ್ದಾನೆ ಎಂದು ತಿಳಿದುಕೊಂಡು ಬುತ್ತಿ ಒಯ್ಯುತ್ತಿದ್ದಳು.

ಈ ಹುಚ್ಚು ಹತ್ತಿದ್ದು ನಲವತ್ತೆಂಟರಲ್ಲಿ, ನಿಜಾಮರ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವಾರ. ಭಾದ್ರಪದದ ಮಳೆ ಹಿಡಿದಿತ್ತು. ಅಲ್ಲಿಯ ತನಕ ರಜಾಕಾರರ ಹೆದರಿಕೆಗೆ ಅರ್ಧ ಊರು ಬಾಗಿಲು ಹಾಕಿಕೊಂಡಿತ್ತು. ಫೌಜು ಬಂದ ಮೇಲೆ ಉಳಿದ ಅರ್ಧ ಹಾಕಿಕೊಂಡಿತು. ಅಂಥ ಒಂದು ದಿನ ಹುಮನಾಬಾದ್ ಕಡೆಯಿಂದ ಒಬ್ಬ ಫೌಜಿ ಹಸಿರು ಬಣ್ಣದ ಫಟಫಟಿಯ ಮೇಲೆ ಕೆಸರು ಹಾರಿಸುತ್ತ ಬಂದು ಇವರ ತೋಟದ ಬಾಯಿಗೆ ನಿಂತು ನೀರು ಕೇಳಿದ. ದೇವಿಂದ್ರಪ್ಪ ನೀರಿನ ಜೊತೆಗೆ ನಾಲ್ಕು ಕೆಂಪು ಬಾಳೆಹಣ್ಣೂ ಕೊಟ್ಟ. ಫೌಜಿ ಎರಡು ತಿಂದು, ಎರಡನ್ನು ಅಂಗಿಯೊಳಗಿಟ್ಟುಕೊಂಡು, ಹೋಗುವ ಮುಂದೆ ಇವನನ್ನು ಗಾಡಿಯ ಮೇಲೆ ಕೂಡಿಸಿ ಪೆಟ್ರೋಲ್ ಟಾಕಿಯ ಮೇಲೆ ಕೈಯಿಂದ ಬಡಿದು, ಇದು ಬಿ.ಎಸ್.ಎ., ದುನಿಯಾದಲ್ಲಿ ಇಂಥದ್ದು ಮತ್ತೊಂದಿಲ್ಲ ಎಂದು ಹಿಂದಿಯಲ್ಲಿ ಹೇಳಿ ಹೋದ. ಅಷ್ಟೇ. ಬಹಳ ಮಂದಿ ಗುರುವಿನಿಂದ ದೀಕ್ಷೆ ತೆಗೆದುಕೊಂಡಾಗಲೂ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರಲಾರರು.

ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಮೂರು ವಾರ ಅವರ ತೋಟದ ಗುಡಿಸಲಿನಲ್ಲಿ ಸಲಾವುದ್ದೀನ್ ಅಡಗಿದ್ದ. ಅವನು ನಿಜಾಮರ ಬಸ್ ಡಿಪೋದಲ್ಲಿ ಕೆಲಸ ಕಲಿತ ಮಿಸ್ತ್ರಿ, ದೇವಿಂದ್ರಪ್ಪನ ಓರಿಗೆಯವನು. ಸೂಗಮ್ಮ ದಿನಾ ಹುಲ್ಲಿನ ಹೊರೆಯ ನಡುವೆ ರೊಟ್ಟಿ ಇಟ್ಟುಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಗಲಾಟೆ ತಣ್ಣಗಾದ ಮೇಲೆ ಅವನು ಕಲಬುರಗಿಗೆ ಹೋಗಿ, ತಾಜಸುಲ್ತಾನಪುರದ ಹತ್ತಿರ ರಸ್ತೆಯ ಬದಿಗೆ ತಗಡಿನ ಶೆಡ್ ಹಾಕಿ, ಫೌಜು ಹರಾಜು ಹಾಕಿದ ಗಾಡಿಗಳನ್ನು ತಂದು ರಿಪೇರಿ ಮಾಡಿ ಮಾರತೊಡಗಿದ. ಗುಡಿಸಲಿನ ಮಾತನ್ನು ಮೂವರಲ್ಲಿ ಯಾರೂ ಮುಂದೆ ಎತ್ತಲಿಲ್ಲ. ದೇವಿಂದ್ರಪ್ಪ ಮಾತ್ರ ಪೇಟೆಗೆ ಹೋದಾಗಲೆಲ್ಲ ಆ ಶೆಡ್ಡಿನಲ್ಲಿ ಕುಳಿತು, ಎಣ್ಣೆ ಒರೆಸಿ, ಪಾನಾ ಹಿಡಿದು, ಎರಡು ವರ್ಷದಲ್ಲಿ ಗಾಡಿ ಹೊಡೆಯುವುದನ್ನು ಕಲಿತುಬಿಟ್ಟಿದ್ದ.

ಸೂಗಮ್ಮನಿಗೆ ಗಾಡಿಯ ಚಿಂತೆ ಇರಲಿಲ್ಲ, ಹಣ್ಣಿನ ಚಿಂತೆ ಇತ್ತು. ಮಹಾಗಾಂವದಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು. ಬಂದ ಮೂರನೇ ವರ್ಷಕ್ಕೆ ಮಾವ ತೀರಿಕೊಂಡ. ತೋಟ ಅವಳ ಕೈಗೆ ಬಂತು. ಯಾವ ಗೊನೆಯನ್ನು ಯಾವ ದಿನ ಕೊಯ್ಯಬೇಕು, ನೆಲದೊಳಗಿನ ಹಗೆಯಲ್ಲಿಟ್ಟು ಎಷ್ಟು ಹೊಗೆ ಕೊಡಬೇಕು, ಸಿಪ್ಪೆ ಕುಂಕುಮದಂತೆ ಆಗುವುದಕ್ಕೆ ಎಷ್ಟು ದಿನ ಬೇಕು ಎನ್ನುವುದೆಲ್ಲ ಅವಳ ಬೆರಳಿನ ತುದಿಗೆ ಗೊತ್ತಿತ್ತು. ದೇವಿಂದ್ರಪ್ಪ ದುಡಿಯುವವನೇ, ಆದರೆ ಹಣ್ಣಿನ ವಿಷಯಕ್ಕೆ ಬಂದರೆ ಹೆಂಡತಿಯನ್ನು ಕೇಳದೆ ಒಂದು ಕುಡುಗೋಲನ್ನೂ ಎತ್ತುತ್ತಿರಲಿಲ್ಲ.

ತೋಟದ ಹಣ್ಣು ಅಷ್ಟೂ ಹೋಗುತ್ತಿದ್ದದ್ದು ಕಲಬುರಗಿಯ ಮೋಮಿನಪುರದ ಇಕ್ಬಾಲ್ ಬೇಗಂ ಅವರ ಮನೆಗೆ. ಅವರ ಗಂಡ ಸುಂಕ ವಸೂಲಿಯ ಕರೋಡಗಿರಿ ನಾಕೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದು, ಪೊಲೀಸ್ ಆಕ್ಷನ್‌ಗೆ ಒಂದು ವರ್ಷ ಮೊದಲೇ ಜ್ವರ ಬಂದು ಹೋಗಿಬಿಟ್ಟಿದ್ದರು. ಬೇಗಂ ಅತ್ತು ಕೂಡಲಿಲ್ಲ. ಪಡಸಾಲೆಯಲ್ಲಿ ಪರದೆ ಕಟ್ಟಿ, ಅದರ ಹಿಂದೆ ಕುಳಿತು, ವಕೀಲರ ಮನೆ, ಡಾಕ್ಟರರ ಮನೆ, ಹಳೆಯ ಜಾಗೀರದಾರರ ಮನೆ ಎಂದು ಊರ ತುಂಬ ಹಣ್ಣು ಕಳಿಸುವ ವ್ಯಾಪಾರ ಹಿಡಿದರು. ಅವರಿಗೆ ಕಾಯಿ ಬೇಡ, ಆ ದಿನವೇ ತಿನ್ನುವ ಹಣ್ಣೇ ಬೇಕು. ಪರದೆಯ ಕೆಳಗಿನಿಂದ ಕೈ ಚಾಚಿ ಒಂದೊಂದು ಹಣ್ಣನ್ನೂ ಮುಟ್ಟಿ ನೋಡುತ್ತಿದ್ದರು. ಕಣ್ಣಿಗೆ ಕಾಣದ ಗಾಯ ಅವರ ಹೆಬ್ಬೆರಳಿಗೆ ಸಿಗುತ್ತಿತ್ತು. ಸಿಕ್ಕರೆ ಆ ಹಣ್ಣು ಪರದೆಯಿಂದ ಹೊರಗೆ ಬರುತ್ತಿತ್ತು.

ಐವತ್ತೆರಡರ ಮಳೆಗಾಲದಲ್ಲಿ ಹೊರಗೆ ಬಂದ ಹಣ್ಣೇ ಹೆಚ್ಚಾಯಿತು. ರಸ್ತೆ ಎಲ್ಲ ತಗ್ಗು. ಇಪ್ಪತ್ತೆರಡು ಮೈಲಿ ಎತ್ತಿನ ಬಂಡಿಯಲ್ಲಿ ಕುಲುಕಾಡಿ ಹಣ್ಣು ಮುಟ್ಟುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು, ಹೊತ್ತೂ ಮೀರಿರುತ್ತಿತ್ತು. ಒಂದು ದಿನ ಬೇಗಂ ಪರದೆಯ ಆಚೆಯಿಂದ ಮೆಲ್ಲಗೆ ಹೇಳಿದರು: "ಸೂಗಮ್ಮ ಬೇಟಿ, ನಿನ್ನ ಹಣ್ಣಿನಂಥಾ ಹಣ್ಣು ಎಲ್ಲೂ ಇಲ್ಲ. ಆದ್ರ ನನ್ನ ಮಂದಿ ಹಣ್ಣು ತಿಂತಾರ, ನಿನ್ನ ತೋಟದ ತಾರೀಫ್ ತಿನ್ನಲ್ಲ. ಈ ತಿಂಗಳ ಕಡೀ ಶುಕ್ರವಾರದ ತನಕ ನೋಡ್ತೀನಿ. ಆಮ್ಯಾಗ ನಾ ಬ್ಯಾರೆ ತೋಟ ಹಿಡೀಬೇಕಾಗ್ತದ."

ಆ ರಾತ್ರಿ ಮನೆಯಲ್ಲಿ ತೀರ್ಮಾನವಾಯಿತು. ಎತ್ತಿನ ಜೋಡಿ ಮಾರುವುದು, ಒಂದು ಫಟಫಟಿ ತರುವುದು. ಬಂಡಿ ಒಂದು ರಾತ್ರಿ ತೆಗೆದುಕೊಳ್ಳುವ ದಾರಿಯನ್ನು ಫಟಫಟಿ ಒಂದು ತಾಸಿನಲ್ಲಿ ಮುಗಿಸುತ್ತದೆ. ಜೋಡಿ ಹೋದ ಮೇಲೆ ಮತ್ತೊಂದು ಬರುವುದಿಲ್ಲ, ಅದಕ್ಕೆ ತರುವ ಗಾಡಿ ಸರಿಯಾದದ್ದಿರಬೇಕು ಎಂದು ಸೂಗಮ್ಮ ಹೇಳಿದಳು. ಯಾವ ಗಾಡಿ ಎಂದು ದೇವಿಂದ್ರಪ್ಪ ಕೇಳಿಕೊಳ್ಳಲೇ ಇಲ್ಲ. ಬೆಳಗಾಗುತ್ತಲೇ ಸಲಾವುದ್ದೀನನ ಶೆಡ್ಡಿಗೆ ಹೋಗಿ, ತಿಂಗಳ ಮಟ್ಟಿಗೆ ನೋಡಲೆಂದು ಒಂದು ಬಿ.ಎಸ್.ಎ. ಹೊಡೆದುಕೊಂಡು ಬಂದ. ಊರಿನ ನಾಯಿಗಳೆಲ್ಲ ಹಿಂದೆ ಓಡಿ ಬಂದವು. ಅವನ ತಾಯಿ ಚಂದಮ್ಮ ಅದಕ್ಕೆ ಇಬತ್ತಿ ಹಚ್ಚಿ, ಕಾಯಿ ಒಡೆದು, ಆಮೇಲೆ ಅದರ ಹತ್ತಿರ ಸುಳಿಯಲೂ ಇಲ್ಲ.

ಮೊದಲ ಶುಕ್ರವಾರ ಆದದ್ದು ಹೀಗೆ. ದೇವಿಂದ್ರಪ್ಪ ಕತ್ತೆಯ ಮೇಲೆ ಹೇರಿದಂತೆ ಗಾಡಿಯ ಎಡಕ್ಕೊಂದು ಬಲಕ್ಕೊಂದು ಬುಟ್ಟಿ ಕಟ್ಟಿದ. ಬಲಗಡೆ ಹೊಗೆಯ ಕೊಳವೆ. ಕಾಯಿಗೆ ಬಿಸಿ ಕೊಟ್ಟು ಹಣ್ಣು ಮಾಡುವ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ, ಹಣ್ಣಿಗೆ ಮತ್ತೆ ಬಿಸಿ ಕೊಟ್ಟರೆ ಏನಾದೀತು ಎನ್ನುವುದು ಗಾಡಿಯ ಖುಷಿಯಲ್ಲಿ ಹೊಳೆಯಲೇ ಇಲ್ಲ. ಎಡಗಡೆಯ ಬುಟ್ಟಿ ಹಣ್ಣಾಗಿಯೇ ಮುಟ್ಟಿತು. ಬಲಗಡೆಯದರಲ್ಲಿ ಮೇಲೆ ಸಿಪ್ಪೆ, ಒಳಗೆ ಬಿಸಿ ಬಿಸಿ ಶಿರಾ. ಬೇಗಂ ಒಂದನ್ನು ಮುಟ್ಟಿ, ಬೆರಳು ಹಿಂದಕ್ಕೆಳೆದುಕೊಂಡು, ಇದಕ್ಕೆ ತುಪ್ಪ ಒಂದು ಹಾಕುವುದು ಉಳಿದಿತ್ತು ಎಂದರಂತೆ.

ಎರಡನೇ ಶುಕ್ರವಾರ ಎರಡೂ ಬುಟ್ಟಿ ಹಿಂದಿನ ಕ್ಯಾರಿಯರ್ ಮೇಲೆ ಹೋದವು. ಅವತ್ತು ದಾರಿ ಖಾಲಿ ಇತ್ತು. ಖಾಲಿ ದಾರಿ ಕಂಡರೆ ದೇವಿಂದ್ರಪ್ಪನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಒಂದು ತಾಸಿನ ದಾರಿಯನ್ನು ಮುಕ್ಕಾಲು ತಾಸಿಗೆ ಮುಟ್ಟಿದೆನೆಂದು ಹೆಮ್ಮೆಯಿಂದ ಹೇಳಿದ. ಪರದೆಯಿಂದ ಹೊರಗೆ ಬಂದ ಹಣ್ಣನ್ನು ಎಮ್ಮೆಗೆ ಹಾಕಿದ್ದನ್ನು ಮಾತ್ರ ಹೇಳಲಿಲ್ಲ; ಅದನ್ನು ಸಲಾವುದ್ದೀನ್ ಬಂದು ಹೇಳಿದ.

ಸಲಾವುದ್ದೀನ್ ಬರಿಗೈಯಲ್ಲಿ ಬಂದಿರಲಿಲ್ಲ. ಬೇಗಂ ಅವರ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಅವರ ಗಂಡನ ನಾರ್ಟನ್ ಗಾಡಿಯನ್ನು ಹೊಡೆದುಕೊಂಡು ಬಂದಿದ್ದ. ಅದರ ಮಗ್ಗುಲಿಗೆ ಒಂದು ಸೈಡ್‌ಕಾರ್ ಇತ್ತು. ಒಂದೇ ಗಾಲಿಯ ಮೇಲೆ ಪಟ್ಟಿ ಸ್ಪ್ರಿಂಗ್ ಹಾಕಿ ಕೂಡಿಸಿದ ಅದನ್ನು ನೋಡಿ ಊರಿನವರು ಆ ಹೊತ್ತಿಗೇ 'ತೊಟ್ಟಿಲು' ಎಂದು ಹೆಸರಿಟ್ಟರು. ಬೇಗಂ ಅವರೇ ಕಳಿಸಿದ್ದರು, ನೋಡಿ, ಬೇಕಾದರೆ ಕೊಂಡು ಇಟ್ಟುಕೊಳ್ಳಲಿ ಎಂದು.

ದೇವಿಂದ್ರಪ್ಪ ಅದರ ಕಡೆ ನೋಡಲೂ ಇಲ್ಲ. ಮೂರು ಗಾಲಿಯ ಗಾಡಿ ಕುಂಟರಿಗೆ ಎಂದ. ಅದರ ಸದ್ದು ಗಂಟಲು ಕಟ್ಟಿದವನ ಸದ್ದು ಎಂದ. ಅಷ್ಟಕ್ಕೂ ತಾನು ಇಡೀ ಕಮಲಾಪುರದ ಮುಂದೆ ನಾಲ್ಕು ವರ್ಷ ಬಿ.ಎಸ್.ಎ. ಎಂದು ಎದೆ ಬಡಿದುಕೊಂಡವನು, ಈಗ ನಾರ್ಟನ್ ಮೇಲೆ ಕುಳಿತು ಚಹದಂಗಡಿಯ ಮುಂದೆ ಹೋಗುವುದು ಹೇಗೆ ಎಂದ. ಈ ಕಡೆಯ ಮಾತೇ ಖರೇ ಮಾತು ಎಂದು ಸೂಗಮ್ಮನಿಗೆ ಗೊತ್ತಾಯಿತು. ಅವಳು ವಾದಕ್ಕೆ ಇಳಿಯಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು.

ಅವಳ ತಂದೆ ಕಲ್ಯಾಣಪ್ಪ ಎತ್ತು ಕೊಳ್ಳುತ್ತಿದ್ದದ್ದು ಹಾಗೆ. ಸಂತೆಯಲ್ಲಿ ಬೇರೆಯವರು ಕೋಡು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಯಾರ ಮನೆಯ ಎತ್ತು ಎಂದು ಕೇಳುತ್ತಿದ್ದರು. ಕಲ್ಯಾಣಪ್ಪ ಏನನ್ನೂ ಕೇಳುತ್ತಿರಲಿಲ್ಲ. ಜೋಡಿಯನ್ನು ಬಂಡಿಗೆ ಹೂಡಿಸಿ, ಕಂಠಮಟ ನೀರು ತುಂಬಿದ ತಂಬಿಗೆಯನ್ನು ತೊಡೆಯ ಮೇಲೆ ಹಿಡಿದು ಕುಳಿತು, ಹಳ್ಳದ ತನಕ ಹೋಗಿ ಬರುತ್ತಿದ್ದ. ತಿರುಗಿ ಬಂದಾಗ ತಂಬಿಗೆಯಲ್ಲಿ ಎಷ್ಟು ಉಳಿದಿದೆಯೋ ಅದರ ಮೇಲೆ ಬೆಲೆ. ಒಮ್ಮೆ ಅವನ ಧೋತರ ಪೂರಾ ತೊಯ್ದು, ಮಾರುವವನು ನಾಚಿಕೊಂಡು ಎತ್ತು ಹೊಡೆದುಕೊಂಡು ಓಡಿಹೋಗಿದ್ದನಂತೆ. ಅದನ್ನು ಮಹಾಗಾಂವದಲ್ಲಿ ಇನ್ನೂ ಹೇಳಿ ನಗುತ್ತಾರೆ.

ಊರ ಅಗಸಿಯ ಬಾಗಿಲಿನಿಂದ ಮೊದಲ ಹಳ್ಳದ ತನಕ ಎಂದು ಗೊತ್ತು ಮಾಡಿದರು. ಬಿ.ಎಸ್.ಎ. ಮೇಲೆ ದೇವಿಂದ್ರಪ್ಪನೇ ಹೊಡೆದ. ಹಿಂದಿನ ಕ್ಯಾರಿಯರ್ ಮೇಲೆ ಅಡ್ಡ ಕುಳಿತು, ಸೆರಗು ಬಿಗಿದು, ತಂಬಿಗೆ ಹಿಡಿದು ಸೂಗಮ್ಮ ಹೋದಳು. ಅವನು ಹೊಸ ಮದುಮಗಳನ್ನು ಕರೆತರುವವನ ಹಾಗೆ ಮೆಲ್ಲಗೆ ಹೊಡೆದ, ಒಂದು ತಗ್ಗನ್ನೂ ಹಾರಿಸಲಿಲ್ಲ. ಆದರೂ ತಿರುಗಿ ಬಂದಾಗ ತಂಬಿಗೆಯ ಅರ್ಧ ನೀರು ಅವಳ ಸೀರೆಯಲ್ಲಿತ್ತು.

"ಇದು ಗಾಡಿ ತಪ್ಪಲ್ಲ ವೈನಿ," ಎಂದ ಸಲಾವುದ್ದೀನ್. "ಬಿ.ಎಸ್.ಎ. ಒಬ್ಬ ಮನಷ್ಯಾ ಹೊಡಕೊಂಡು ಹೋಗ್ಲಿಕ್ಕಿ ಮಾಡಿದ್ದು. ಆ ಮಟ್ಟಿಗಿ ಅದು ರಾಜಾ. ಹಿಂದಿನ ಕ್ಯಾರಿಯರ್ ನಾ ಕಬ್ಬಣ ಬಡದು ಕೂಡಿಸೀನಿ. ಅದಕ್ಕ ಸ್ಪ್ರಿಂಗ್ ಎಲ್ಲಿಂದ ತರ್ಲಿ?"

ಇನ್ನು ನಾರ್ಟನ್. ದೇವಿಂದ್ರಪ್ಪ ಅದನ್ನು ಮುಟ್ಟುವುದಿಲ್ಲ ಎಂದು ಕಟ್ಟೆಗೆ ಕುಳಿತ. ಸಲಾವುದ್ದೀನನೇ ಹೊಡೆಯಬೇಕು. ಸೊಸೆ ಬೇರೆ ಗಂಡಸಿನ ಮಗ್ಗುಲಿಗೆ ಊರ ಮುಂದೆ ಕುಳಿತು ಹೋಗುವುದು ಚಂದಮ್ಮನಿಗೆ ಸರಿ ಬರಲಿಲ್ಲ. ಯಾರೂ ಕೇಳುವ ಮೊದಲೇ ತಾನೇ ತಂಬಿಗೆ ಕಸಿದುಕೊಂಡು, ಕಚ್ಚೆ ಬಿಗಿದು, ತೊಟ್ಟಿಲೊಳಗೆ ಕಾಲಿಟ್ಟಳು. ಅರವತ್ತು ದಾಟಿದ ಹೆಂಗಸು. ಗಾಡಿ ಹೊರಟಾಗ ಒಮ್ಮೆ ಶಿವಶಿವಾ ಎಂದದ್ದು ಕೇಳಿಸಿತು, ಆಮೇಲೆ ಸದ್ದಿಲ್ಲ. ಹಳ್ಳದ ತನಕ ಹೋಗಿ ತಿರುಗಿ ಬಂತು. ತಂಬಿಗೆಯ ಕಂಠ ಮಾತ್ರ ತುಸು ತೊಯ್ದಿತ್ತು. ಚಂದಮ್ಮ ಇಳಿಯಲಿಲ್ಲ.

"ಅತ್ತಿ, ಇಳೀರಿ," ಎಂದಳು ಸೂಗಮ್ಮ.

"ತಡಿ. ಇನ್ನಾ ಒಂದ್ ಸುತ್ತ ಹೋಗಿ ಬರ್ಲಿ. ಒಂದೇ ಸಲಕ್ಕ ಸರಿ ತಿಳೀಲಿಲ್ಲ."

"ಎವ್ವಾ, ನೀ ಯಾರ ಕಡಿಗಿ ಇದ್ದಿ?" ಎಂದ ದೇವಿಂದ್ರಪ್ಪ ಕಟ್ಟೆಯಿಂದ.

"ನಾ ತಂಬಗಿ ಕಡಿಗಿ ಇದ್ದೀನಿ. ನಿನಗೇನಾಗ್ಯಾದ, ಕೂಡು ಸುಮ್ಕ."

ಅಷ್ಟಾದರೂ ಅವನು ಸೋಲಲಿಲ್ಲ. ಮರುದಿನ ಒಂದು ಹೊಸ ಹಂಚಿಕೆ ತೆಗೆದ. ತೊಟ್ಟಿಲನ್ನು ಬಿಚ್ಚಿ ಬಿ.ಎಸ್.ಎ.ಗೆ ಜೋಡಿಸಿಬಿಟ್ಟರೆ ಆಯಿತಲ್ಲ. ಹಣ್ಣೂ ಉಳಿಯಿತು, ಮಾತೂ ಉಳಿಯಿತು. ಸಲಾವುದ್ದೀನ್ ತಲೆ ಕೆರೆದುಕೊಂಡು, ಮಾಡಿದರೆ ಮಾಡಬಹುದು ಎಂದ. ಸೂಗಮ್ಮನೂ ಒಳ್ಳೆಯದೇ ಆಯಿತು ಎಂದುಕೊಂಡಳು. ಆದರೆ ಬೇಗಂ ಒಪ್ಪಲಿಲ್ಲ. ಹೇಳಿ ಕಳಿಸಿದ್ದು ಎರಡೇ ಮಾತು: ಆ ತೊಟ್ಟಿಲಲ್ಲಿ ಕೂಡುತ್ತಿದ್ದದ್ದು ನಾನು, ಗಾಡಿ ಹೊಡೆಯುತ್ತಿದ್ದದ್ದು ಅವರು. ಎರಡನ್ನೂ ಬಿಡಿಸಿ ಕೊಡುವುದಿಲ್ಲ. ಇದನ್ನು ಕೇಳಿದ ಮೇಲೆ ಸೂಗಮ್ಮ ಗಂಡನಿಗೆ ಮತ್ತೊಮ್ಮೆ ಕೇಳಿಸುವುದಕ್ಕೆ ಬಿಡಲಿಲ್ಲ.

ಹೀಗೆ ತಿಂಗಳ ಕಡೆಯ ಶುಕ್ರವಾರ ಬಂತು. ಹಿಂದಿನ ದಿನವೇ ಹಗೆಯಿಂದ ತೆಗೆದ ಹಣ್ಣು ಕೆಂಪಗೆ, ಮೈ ತುಂಬಿಕೊಂಡು, ಮನೆಯೆಲ್ಲ ಘಮ್ ಎನ್ನುತ್ತಿತ್ತು. ಅವತ್ತು ಹೋಗದಿದ್ದರೆ ಮರುದಿನಕ್ಕೆ ಅದು ಕರ್ರಗಾಗುವುದೇ. ಎರಡೂ ಗಾಡಿ ಅಂಗಳದಲ್ಲಿದ್ದವು. ಸಲಾವುದ್ದೀನ್ ಶೆಡ್ಡಿಗೆ ಹೋಗಿಬಿಟ್ಟಿದ್ದ. ಎತ್ತು ಕೊಳ್ಳುವ ಗಿರಾಕಿ ಹಗ್ಗ ಹಿಡಿದು ಬಂದು, ಯಾವ ಗಾಡಿಯಾದರೂ ಆಗಲಿ ಇವತ್ತು ತೀರ್ಮಾನ ಮಾಡಿರಿ ಎಂದು ಕುಳಿತಿದ್ದ. ದೇವಿಂದ್ರಪ್ಪ ಸ್ನಾನ ಮಾಡಿ, ಟೋಪಿ ಹಾಕಿಕೊಂಡು, ಬಿ.ಎಸ್.ಎ. ಹತ್ತಿರ ನಿಂತು ಬುಟ್ಟಿ ತರಲು ಕೂಗಿದ.

ಸೂಗಮ್ಮ ಬುಟ್ಟಿ ತಂದಳು. ಆದರೆ ಅವನ ಕಡೆಗೆ ತರಲಿಲ್ಲ. ತೊಟ್ಟಿಲೊಳಗೆ ಒಣ ಬಾಳೆಲೆ ಹಾಸಿ, ಒಂದು ಬುಟ್ಟಿಯನ್ನು ಕಾಲ ಬುಡಕ್ಕೆ ಇಟ್ಟು, ತಾನು ಕುಳಿತು, ಇನ್ನೊಂದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಲೆಯ ಮೇಲೆ ಸೆರಗು ಹೊದ್ದು ಸುಮ್ಮನೆ ಎದುರಿಗೆ ನೋಡುತ್ತ ಕುಳಿತಳು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತರು. ಚಹದಂಗಡಿಯ ಮಂದಿಯೂ ಬಸಿ ಹಿಡಿದುಕೊಂಡೇ ಬಂದರು. ಸೂರ್ಯ ಮಾಳಿಗೆಯ ಮೇಲೆ ಏರತೊಡಗಿದ. ಶುಕ್ರವಾರದ ನಮಾಜಿಗೆ ಮೊದಲು ಬೇಗಂ ಅವರ ಗಿರಾಕಿಗಳ ಮನೆಗಳಿಗೆ ಹಣ್ಣು ಮುಟ್ಟಬೇಕು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಇಳಿತೀಯೋ ಇಲ್ಲೋ?" ಎಂದ ದೇವಿಂದ್ರಪ್ಪ.

"ನಿಮ್ಮ ಬಿ.ಎಸ್.ಎ.ಗ ನಾ ಎಂದಾರ ಒಂದ್ ಮಾತು ಅಂದೀನೇನ್ರಿ?" ಎಂದಳು ಸೂಗಮ್ಮ, ದನಿ ಎತ್ತದೆ. "ನೀವೊಬ್ರೇ ಹೋಗೋದಿದ್ರ ಅದರ ಮ್ಯಾಲೇ ಹೋಗ್ರಿ, ನಾನೇ ಕುಂಕುಮ ಹಚ್ಚಿ ಕಳಸ್ತೀನಿ. ಇವತ್ತ ಹೋಗೋದು ನೀವಲ್ಲ, ಹಣ್ಣು."

ದೇವಿಂದ್ರಪ್ಪ ಚಹದಂಗಡಿಯವರ ಕಡೆ ನೋಡಲಿಲ್ಲ. ಬಿ.ಎಸ್.ಎ. ಟಾಕಿಯ ಮೇಲೆ ಕೂತಿದ್ದ ಧೂಳನ್ನು ಟವಲಿನಿಂದ ಒರೆಸಿ, ಅದರ ಮೇಲೆ ಆ ಟವಲನ್ನೇ ಹೊದಿಸಿ, ನಾರ್ಟನ್ ಕಡೆ ಬಂದ. ಮೂರನೇ ಒದೆತಕ್ಕೆ ಗಾಡಿ ಎದ್ದಿತು. ಗುಂಪಿನಲ್ಲಿ ಯಾರೋ, ಏನಪಾ ದೇವಿಂದ್ರಪ್ಪ, ಧರ್ಮ ಬದಲಾಯಿಸಿದಿ ಏನು ಎಂದರು. ಅವನು ಅದಕ್ಕೆ ಗಾಡಿಯ ಸದ್ದನ್ನೇ ಹೆಚ್ಚು ಮಾಡಿ ಹೊರಟುಬಿಟ್ಟ.

ದಾರಿಯುದ್ದಕ್ಕೂ ತಗ್ಗು ಬಂದಾಗ ಸೂಗಮ್ಮ ಬುಟ್ಟಿಯ ಮೇಲೆ ಅಂಗೈ ಇಟ್ಟು, ಹಣ್ಣಿನ ಮೈಯನ್ನು ಕೇಳುತ್ತಿದ್ದಳು. ಸ್ಪ್ರಿಂಗ್ ಒಮ್ಮೆ ಕೆಳಗೆ ಹೋಗಿ ಮೇಲೆ ಬರುತ್ತಿತ್ತು, ಹಣ್ಣು ಅಲುಗುತ್ತಿರಲಿಲ್ಲ. ತಾಜಸುಲ್ತಾನಪುರದ ಶೆಡ್ ಬಂದಾಗ ದೇವಿಂದ್ರಪ್ಪ ಮುಖವನ್ನು ಆಚೆ ಹೊಲದ ಕಡೆ ತಿರುಗಿಸಿಕೊಂಡು, ತೊಗರಿಯ ಬೆಳೆ ಹೇಗಿದೆ ಎಂದು ಬಹಳ ಗಮನವಿಟ್ಟು ನೋಡಿದ. ಸಲಾವುದ್ದೀನ್ ಹೊರಗೆ ಬಂದು ಕೈ ಎತ್ತಿದ್ದು ಸೂಗಮ್ಮನಿಗೆ ಮಾತ್ರ ಕಂಡಿತು.

ಮೋಮಿನಪುರದ ಓಣಿಯಲ್ಲಿ ಗಾಡಿ ತಿರುಗುವಾಗಲೇ ಪರದೆಯ ಆಚೆ ಬಳೆಯ ಸದ್ದಾಯಿತು. ಆ ಗಾಡಿ ಮನೆಯ ಕಡೆಗೆ ತಿರುಗಿ ಬರುವ ಸದ್ದನ್ನು ಬೇಗಂ ಐದು ವರ್ಷದಿಂದ ಆ ಓಣಿಯಲ್ಲಿ ಕೇಳಿರಲಿಲ್ಲ. ಸೂಗಮ್ಮ ಬುಟ್ಟಿಗಳನ್ನು ಒಳಗೆ ಸರಿಸಿ ಕುಳಿತಳು. ಪರದೆಯ ಕೆಳಗಿನಿಂದ ಕೈ ಬಂದಿತು. ಒಂದು ಹಣ್ಣು, ಎರಡು, ಹತ್ತು. ಅವತ್ತು ಬೇಗಂ ಎಂದಿಗಿಂತ ಮೆಲ್ಲಗೆ ನೋಡುತ್ತಿದ್ದಾರೆ ಎನಿಸಿತು. ಒಂದು ಹಣ್ಣಿನ ಮೇಲೆ ಹೆಬ್ಬೆರಳು ಬಹಳ ಹೊತ್ತು ನಿಂತಿತು. ಬೆರಳು ಮುಂದಕ್ಕೆ ಹೋಯಿತು. ಮೊದಲ ಬುಟ್ಟಿ ಮುಗಿಯಿತು, ಎರಡನೆಯದೂ ಮುಗಿಯಿತು. ಪರದೆಯಿಂದ ಒಂದು ಹಣ್ಣೂ ಹೊರಗೆ ಬರಲಿಲ್ಲ.

ಮಂಗಳವಾರ ನಾಲ್ಕು ಬುಟ್ಟಿ ತಾ ಎಂದರು ಬೇಗಂ. ಆಮೇಲೆ ದನಿ ಸ್ವಲ್ಪ ಎತ್ತಿ ಹೊರಗೆ ನಿಂತವನಿಗೆ ಕೇಳಿದರು: "ದೇವಿಂದ್ರಪ್ಪ, ನಮ್ಮವರ ಗಾಡಿ ಹ್ಯಾಂಗ ಅದ?"

ದೇವಿಂದ್ರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸುಳ್ಳು ಹೇಳುವವನಲ್ಲ, ಹೆಚ್ಚು ಹೊಗಳುವವನೂ ಅಲ್ಲ.

"ಛಲೋ ಅದರಿ ಬೇಗಂ ಸಾಹೇಬ್ರ," ಎಂದ. "ಕಣ್ಣು ಮುಚ್ಚಿ ಹೊಡದ್ರ ಬಿ.ಎಸ್.ಎ. ಅಲ್ಲಂತ ಗೊತ್ತೇ ಆಗಂಗಿಲ್ಲ."

ಪರದೆ ಅಲುಗಿತು. ಬೇಗಂ ನಗುತ್ತಿದ್ದರೋ ಕಣ್ಣು ಒರೆಸಿಕೊಳ್ಳುತ್ತಿದ್ದರೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಕಣ್ಣು ಮುಚ್ಚಿ ಮಾತ್ರ ಹೊಡೆಯಬೇಡ, ಅದರೊಳಗೆ ನನ್ನ ಮಗಳು ಕೂಡುತ್ತಾಳೆ ಎಂದು ಹೇಳಿ ಒಳಗೆ ಹೋದರು.

ತಿರುಗಿ ಹೋಗುವಾಗ ಬುಟ್ಟಿ ಖಾಲಿ ಇದ್ದವು, ದಾರಿಯೂ ಖಾಲಿ ಇತ್ತು. ಸೂಗಮ್ಮ ಹಿಂದಕ್ಕೆ ಒರಗಿ ಕಾಲು ಚಾಚಿದಳು. ಎರಡು ರಾತ್ರಿಯಿಂದ ಅವಳು ನಿದ್ದೆ ಮಾಡಿರಲಿಲ್ಲ. ಮಹಾಗಾಂವ ಬರುವ ಮೊದಲೇ ಅವಳ ತಲೆ ಒಂದು ಕಡೆ ವಾಲಿತು. ದೇವಿಂದ್ರಪ್ಪ ಒಮ್ಮೆ ಕೆಳಗೆ ನೋಡಿದ. ಗಾಡಿ ಓಡಿಸುವುದಕ್ಕೆ ತಕ್ಕ ದಾರಿ ಎದುರಿಗೆ ಎರಡು ಮೈಲಿ ನೆಟ್ಟಗೆ ಬಿದ್ದಿತ್ತು. ಅವನು ಕೈ ಸಡಿಲು ಬಿಟ್ಟು ಗಾಡಿಯ ವೇಗ ಇಳಿಸಿದ. ಹಿಂದಿನಿಂದ ಬಂದ ಒಂದು ಟಾಂಗಾ ಗಂಟೆ ಬಾರಿಸುತ್ತ ಅವರನ್ನು ದಾಟಿ ಹೋಯಿತು. ಹೋಗಲಿ ಎಂದು ಬಿಟ್ಟುಕೊಟ್ಟ.